ನಿಲ್ಲಿಸುವವನು, ಹೊಡೆಯುವವನು

ಬೆಳಿಗ್ಗೆ ಆರೂವರೆ. ಪೊನ್ನಂಪೇಟೆಯ ಹಾಕಿ ಟರ್ಫ್‌ಗೆ ಈಗಷ್ಟೇ ನೀರು ಬಿಟ್ಟಿದ್ದಾರೆ, ನಿಮ್ಮ ಕಾಲುಚೀಲ ಆಗಲೇ ಒದ್ದೆ. ಗೋಲಿನ ಬಲೆಯ ಹಿಂದೆ ನಿಂತಿದ್ದೀರಿ. ಎದುರಿಗೆ ಗೋಲ್‌ಕೀಪರ್ ಹುಡುಗನ ಬೆನ್ನು, ಅದರಾಚೆ ‘ಡಿ’ಯ ಬಿಳಿ ಗೆರೆ, ಗೆರೆಯ ಹೊರಗೆ ಇಬ್ಬರು.

ಇಬ್ಬರಿಗೂ 16 ವರ್ಷ. ಹಾಸ್ಟೆಲ್‌ನಲ್ಲಿ ಒಂದೇ ರೂಮು. ನಿನ್ನೆ ರಾತ್ರಿ ಒಬ್ಬನ ಸ್ಟಿಕ್ಕಿನ ಗ್ರಿಪ್ ಬಿಚ್ಚಿಕೊಂಡಾಗ ಕೂತು ಸುತ್ತಿಕೊಟ್ಟವನು ಇನ್ನೊಬ್ಬ. ಇವತ್ತು ಟ್ರಯಲ್ಸ್. ತಂಡದಲ್ಲಿ ಪೆನಾಲ್ಟಿ ಕಾರ್ನರ್‌ಗೆ ಡ್ರ್ಯಾಗ್ ಫ್ಲಿಕ್ ಮಾಡುವವನಿಗೆ ಇರುವುದು ಒಂದೇ ಜಾಗ. ಸರ್ ಮಾಡಿರುವ ಏರ್ಪಾಡಂತೂ ವಿಚಿತ್ರ: ಇವನು ಹೊಡೆಯುವಾಗ ಚೆಂಡು ನಿಲ್ಲಿಸಿಕೊಡುವವನು ಅವನು, ಅವನ ಸರದಿ ಬಂದಾಗ ಇವನು.

ಪೆನಾಲ್ಟಿ ಕಾರ್ನರ್‌ನಲ್ಲಿ ಅರ್ಧ ಗೋಲು ನಿಲ್ಲಿಸುವವನದ್ದೇ. ಬ್ಯಾಕ್‌ಲೈನ್‌ನಿಂದ ತಳ್ಳಿದ ಚೆಂಡು ‘ಡಿ’ ದಾಟಿ ಹೊರಗೆ ಹೋಗಲೇಬೇಕು, ಹೊಡೆತ ಆಮೇಲೆ. ಅಷ್ಟರಲ್ಲಿ ಎದುರಾಳಿಗಳು ಗೋಲುಗೆರೆ ಬಿಟ್ಟು ಓಡಿಬಂದಿರುತ್ತಾರೆ. ಮೊದಲ ಹೊಡೆತ ಹಿಟ್ ಆದರೆ ಚೆಂಡು ಗೋಲಿನೊಳಗಿನ 46 ಸೆಂ.ಮೀ. ಹಲಗೆಗಿಂತ ಮೇಲೆ ಹೋಗುವಂತಿಲ್ಲ. ಫ್ಲಿಕ್‌ಗೆ ಆ ಕಟ್ಟುಪಾಡಿಲ್ಲ, ಅದಕ್ಕೇ ಫ್ಲಿಕ್ ಮಾಡುವವನ ಫೋಟೊ ಪೇಪರ್‌ನಲ್ಲಿ. ನಿಲ್ಲಿಸಿದವನ ಹೆಸರು ಓದಿದ್ದು ನನಗಂತೂ ನೆನಪಿಲ್ಲ.

ಈಗ ನೋಡಿ. ನಿಲ್ಲಿಸುವವನು ಮಂಡಿ ಬಗ್ಗಿಸಿ ಸ್ಟಿಕ್ಕನ್ನು ನೆಲಕ್ಕೆ ಅಡ್ಡ ಮಲಗಿಸಿದ್ದಾನೆ. ಎಡಗೈ ಗೆಣ್ಣು ಸುಲಿದಿದೆ. ಚೆಂಡು ನೀರು ಚಿಮ್ಮಿಸುತ್ತ ಬರುತ್ತಿದೆ. ನಾಲ್ಕು ಬೆರಳಷ್ಟು ಆಚೀಚೆ ಬಿಟ್ಟರೆ ಸಾಕು, ಗೆಳೆಯನ ಹೆಜ್ಜೆ ತಪ್ಪುತ್ತದೆ. ಒದ್ದೆ ಟರ್ಫ್ ಮೇಲೆ ತಪ್ಪು ಹೊರಿಸಿದರಾಯಿತು. ಯಾರಿಗೂ ಗೊತ್ತಾಗುವುದಿಲ್ಲ. ಆ ಗೆಳೆಯನೊಬ್ಬನಿಗೆ ಬಿಟ್ಟು. ಅವನು ಮಲಗುವುದು ಪಕ್ಕದ ಮಂಚದಲ್ಲೇ.

ಟಕ್. ಚೆಂಡು ನಿಂತಿತು, ಅಲುಗಲಿಲ್ಲ. ಬಗ್ಗಿದ ಬೆನ್ನು, ಎರಡು ಉದ್ದ ಹೆಜ್ಜೆ. ಸ್ಟಿಕ್ಕಿಗೆ ಅಂಟಿಕೊಂಡೇ ಬಂದ ಚೆಂಡು ಕೀಪರನ ಬಲ ಹೆಗಲ ಮೇಲಿಂದ ಹಾದು ನಿಮ್ಮ ಮುಖದ ಮುಂದೆಯೇ ಬಲೆಗೆ ಬಡಿಯುತ್ತದೆ. ಬಲೆ ಇದೆಯೆಂದು ಗೊತ್ತಿದ್ದರೂ ಹಿಂದಕ್ಕೆ ಸರಿಯುತ್ತೀರಿ.

“ಹೊಟ್ಟೆ ಉರೀತಾ?”

“ಹೂಂ. ಈಗ ನೀನು ಸರಿಯಾಗಿ ನಿಲ್ಲಿಸ್ಕೊಡು.”

ನಗುತ್ತಾರೆ. ಆದರೆ ಉರಿ ಸುಳ್ಳಲ್ಲ, ಮುಖ ನೋಡಿದರೆ ತಿಳಿಯುತ್ತದೆ. ಜಾಗ ಬದಲಾಯಿತು. ಎರಡನೆಯವನ ಫ್ಲಿಕ್ ಕೀಪರನ ಪ್ಯಾಡಿಗೆ ಬಡಿದು ವಾಪಸು ಬಂತು, ಮುಂದಿನದು ಗೋಲು. ಸರ್ ಏನೋ ಬರೆದುಕೊಂಡರು. ಪಟ್ಟಿ ಸಂಜೆಗೆ.

ಪಟ್ಟಿಯಲ್ಲಿ ಯಾರ ಹೆಸರೇ ಇರಲಿ, ಬೇಸಿಗೆಯ ಲೆಕ್ಕವೇ ಬೇರೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಒಕ್ಕಗಳನ್ನು, ಅಂದರೆ ಮನೆತನಗಳನ್ನು, ಸೇರಿಸಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿಗೆ 2025ರಲ್ಲಿ ಮಡಿಕೇರಿಯಲ್ಲಿ 396 ಒಕ್ಕಗಳು ಬಂದಿದ್ದವು. ಅಲ್ಲಿ ಇವರಿಬ್ಬರೂ ತಂತಮ್ಮ ಮನೆತನದ ತಂಡಕ್ಕೆ. ಡ್ರಾದಲ್ಲಿ ಜೋಡಿ ಬಿದ್ದರೆ ಎದುರುಬದುರು. ಆಗ ಚೆಂಡು ನಿಲ್ಲಿಸಿಕೊಡಲು ನಿಲ್ಲುವವರು ಚಿಕ್ಕಪ್ಪನೋ ಅಕ್ಕನೋ. ಚಿಕ್ಕಪ್ಪಂದಿರು ಇಷ್ಟು ಚೆನ್ನಾಗಿ ನಿಲ್ಲಿಸಿಕೊಡುವುದಿಲ್ಲ.