ಪರಲೋಕವೂ ಒಂದು ಪಟ್ಟಣ

ಬೆಂಗಳೂರಿನ ಹಡ್ಸನ್ ಸರ್ಕಲ್ಲಿನಲ್ಲಿ ನೆಮ್ಮದಿಯಾಗಿ ರಸ್ತೆ ದಾಟಬೇಕೆಂದರೆ ಭಾನುವಾರ ಬೆಳಿಗ್ಗೆಯೇ ಹೋಗಬೇಕು. ಮಿಕ್ಕ ದಿನಗಳಲ್ಲಿ ಅಲ್ಲಿ ನಿಂತವರಿಗೆ ಕಾಣುವುದು ಬಸ್ಸಿನ ಪಕ್ಕೆ, ಆಟೋದ ಬೆನ್ನು, ಇವೆರಡರ ಸಂದಿನಲ್ಲಿ ತೂರಿಕೊಳ್ಳುವ ಸ್ಕೂಟರು. ಇಷ್ಟು ಗದ್ದಲದ ಬಾಯಲ್ಲೇ 1904ರಲ್ಲಿ ಕಟ್ಟಿದ ಹಡ್ಸನ್ ಚರ್ಚು ತನ್ನ ಕಲ್ಲುಗೋಡೆಗಳ ಜೊತೆ ಅಲುಗದೆ ಕೂತಿದೆ. ಹತ್ತಿರದಲ್ಲೇ ಕಾರ್ಪೊರೇಷನ್ ಕಚೇರಿ, ಕೂಗಳತೆಯಲ್ಲಿ ಕಬ್ಬನ್ ಪಾರ್ಕು. ಒಳಗೆ ಕನ್ನಡದಲ್ಲಿ ಆರಾಧನೆ, ಹೊರಗೆ ಎಲ್ಲ ಭಾಷೆಯವರಿಗೂ ಅರ್ಥವಾಗುವ ಹಾರ್ನು. ನಗರದ ಕ್ರೈಸ್ತರಾದ ನಾವು ಪರಲೋಕದ ಬಗ್ಗೆ ಕೇಳಿದ ಪ್ರಸಂಗಗಳಲ್ಲಿ ಹಾರ್ನಿನ ಹಿನ್ನೆಲೆ ಇಲ್ಲದ್ದು ಕಡಿಮೆ.

ನಮ್ಮಜ್ಜಿ ಗುಬ್ಬಿ ಕಡೆಯವರು. ಅವರ ಪರಲೋಕದಲ್ಲಿ ಕೋಡಿ ಬಿದ್ದ ಕೆರೆ ಇತ್ತು, ತೆಂಗಿನ ತೋಟ ಇತ್ತು, ಕಂದಾಯ ಕೇಳುವ ಶಾನುಭೋಗರು ಮಾತ್ರ ಇರಲಿಲ್ಲ. ಮಗನ ಮನೆ ಎಂದು ಬೆಂಗಳೂರಿಗೆ ಬಂದಮೇಲೆ ಒಂದು ಭಾನುವಾರ ಚರ್ಚಿನ ಅಯ್ಯನವರು ಬೈಬಲಿನ ಕಡೆಯ ಪುಸ್ತಕವಾದ ಪ್ರಕಟನೆಯಲ್ಲಿ ಬರುವ ಹೊಸ ಯೆರೂಸಲೇಮ್ ಪಟ್ಟಣದ ಬಗ್ಗೆ ಪ್ರಸಂಗ ಮಾಡಿದರು. ಆರಾಧನೆ ಮುಗಿದು ಬಾಗಿಲ ಬಳಿ ಕೈ ಮುಗಿಯುವಾಗ ಅಜ್ಜಿ ತಡೆಯಲಾರದೆ ಕೇಳಿಯೇಬಿಟ್ಟರು: “ಅಲ್ಲ ಅಯ್ಯನೋರೇ, ಅಲ್ಲೂ ಪಟ್ಟಣವೇನಾ? ನಾನು ತೋಟ ಅಂತ ಇದ್ದೆ.”

ಅಯ್ಯನವರು ನಕ್ಕರು. “ಪಟ್ಟಣವೇ ಅಜ್ಜಿ. ಆದರೆ ಮಧ್ಯದಲ್ಲಿ ಹೊಳೆ ಇದೆ, ಮರ ಇದೆ.”

“ಮರ ಎಷ್ಟಿವೆಯಂತೆ?” ಎಂದರು ಅಜ್ಜಿ. ತೋಟದವರ ಲೆಕ್ಕ ಎಲ್ಲಿಗೆ ಹೋದರೂ ತಪ್ಪುವುದಿಲ್ಲ.

ಅಜ್ಜಿಯ ತಕರಾರಿಗೆ ಬೈಬಲಿನಲ್ಲೇ ಆಧಾರವಿದೆ. ಆದಿಕಾಂಡದಲ್ಲಿ ಮನುಷ್ಯನಿಗೆ ದೇವರು ಮೊದಲು ಕೊಟ್ಟದ್ದು ಏದೆನ್ ತೋಟ, ಅದನ್ನು ವ್ಯವಸಾಯ ಮಾಡಿ ಕಾಯುವ ಕೆಲಸ. ಮೊದಲ ಪಟ್ಟಣ ಕಟ್ಟಿದವನು ತಮ್ಮನನ್ನು ಕೊಂದ ಕಾಯಿನ. ಊರಿಗೆ ತನ್ನ ಮಗ ಹನೋಕನ ಹೆಸರನ್ನೇ ಇಟ್ಟ. ಆಮೇಲೆ ಬಾಬೆಲಿನವರು ಆಕಾಶಕ್ಕೆ ಮುಟ್ಟುವ ಗೋಪುರಕ್ಕೆ ಕೈ ಹಾಕಿದರು. ಕೊಲೆಗಾರ ಕಟ್ಟಿದ ಊರು, ಜಂಭದವರು ಎಬ್ಬಿಸಿದ ಗೋಪುರ. ಪಟ್ಟಣದ ಜಾತಕ ಶುರುವಿನಿಂದಲೂ ನೆಟ್ಟಗಿಲ್ಲ. ಹೀಗಿರುವಾಗ ಕಡೆಯ ಪುಟಕ್ಕೆ ಬಂದ ದೇವರು ಎಲ್ಲರನ್ನೂ ಮತ್ತೆ ತೋಟಕ್ಕೆ ಕರೆದೊಯ್ಯಬೇಕಿತ್ತು. ಅವನು ಹಾಗೆ ಮಾಡುವುದಿಲ್ಲ. ಪರಲೋಕದಿಂದ ಭೂಮಿಗೆ ಒಂದು ಪಟ್ಟಣವನ್ನೇ ಇಳಿಸುತ್ತಾನೆ. ಮನುಷ್ಯ ಕೆಡಿಸಿದ್ದನ್ನು ಬಿಸಾಡದೆ ಸರಿಮಾಡುವ ದೇವರು ಅವನು ಎಂದು ನಾನು ಓದಿಕೊಳ್ಳುತ್ತೇನೆ.

ಪಟ್ಟಣದ ಮೇಲೆ ದೇವರಿಗೆ ಮೊದಲಿನಿಂದಲೂ ಮರುಕವಿತ್ತು. ನಿನೆವೆ ಹಾಳಾಗಲಿಲ್ಲವೆಂದು ಯೋನ ಪ್ರವಾದಿ ಮುನಿಸಿಕೊಂಡು ಕೂತಾಗ ದೇವರು ಅವನಿಗೆ ನೆನಪಿಸಿದ್ದು ಆ ಊರಿನ 1,20,000ಕ್ಕೂ ಮಿಕ್ಕ ಜನರನ್ನು. ಜೊತೆಗೆ ಅಲ್ಲಿದ್ದ ದನಕರುಗಳನ್ನೂ. ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಪತ್ರವೂ ಇದೇ ಧಾಟಿಯದು. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದ. ಊರು ಬಿಟ್ಟು ಬಂದು ಬಾಡಿಗೆ ಮನೆಯಲ್ಲಿ ಕುಂಡಗಳಿಗೆ ನೀರು ಹಾಕುವ ಬೆಂಗಳೂರಿಗರಿಗೆ ಇದಕ್ಕಿಂತ ಹತ್ತಿರದ ಬುದ್ಧಿಮಾತು ಇನ್ನೊಂದು ಸಿಗಲಾರದು.

ಆ ಕಡೆಯ ಪಟ್ಟಣದ ಜೀವವೃಕ್ಷ ತಿಂಗಳು ತಿಂಗಳೂ ಫಲ ಕೊಡುತ್ತದಂತೆ, ವರ್ಷಕ್ಕೆ ಹನ್ನೆರಡು ಫಸಲು. ಅದನ್ನು ಓದುವಾಗಲೆಲ್ಲ ನನಗೆ ಕೃಂಬಿಗಲ್ ಸಾಹೇಬರ ನೆನಪಾಗುತ್ತದೆ. ಜರ್ಮನಿಯ ಡ್ರೆಸ್ಡೆನ್ ಸೀಮೆಯಲ್ಲಿ 1865ರಲ್ಲಿ ಹುಟ್ಟಿದ ಈ ತೋಟಗಾರ ಲಂಡನ್ನಿನ ಕ್ಯೂ ಉದ್ಯಾನ, ಬರೋಡಾ ದರಬಾರು ಎಲ್ಲ ದಾಟಿ 1908ರಲ್ಲಿ ಲಾಲ್‌ಬಾಗಿಗೆ ಬಂದರು. ಒಂದು ಜಾತಿಯ ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ವರ್ಷವಿಡೀ ಊರಿನ ಒಂದಲ್ಲ ಒಂದು ಬೀದಿ ಹೂ ಮುಡಿದಿರಬೇಕು ಎಂಬುದು ಅವರ ಲೆಕ್ಕ. ಬೆಂಗಳೂರಿನಲ್ಲಿ ಆ ಲೆಕ್ಕ ಇನ್ನೂ ಪೂರ್ತಿ ತಪ್ಪಿಲ್ಲ. ಕ್ರಿಸ್‌ಮಸ್ಸಿಗೆ ಮುಂಚೆ ಆಕಾಶಮಲ್ಲಿಗೆ ನೆಲ ಬೆಳ್ಳಗೆ ಮಾಡುತ್ತದೆ, ಚಳಿ ಕಳೆಯುವಾಗ ಟಬೂಬಿಯ, ಯುಗಾದಿಯ ಆಸುಪಾಸಿಗೆ ಹೊಂಗೆ ಮತ್ತು ಜಕರಂಡ, ಬಿಸಿಲೇರಿದಂತೆ ಗುಲ್‌ಮೊಹರ್. ಕೃಂಬಿಗಲ್ 1956ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಹೊಸೂರು ರಸ್ತೆಯ ಮೆಥೊಡಿಸ್ಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಊರಿಗೆಲ್ಲ ನೆರಳಿನ ಯೋಚನೆ ಮಾಡಿದವರು ಮಲಗಿರುವ ಜಾಗದ ಮುಂದೆ ಈಗ ಹಗಲಿರುಳೂ ವಾಹನಗಳ ಸಾಲು.

ನಮ್ಮ ಸಭೆಗಳಿಗೂ ಹಸಿರಿಗೂ ನಂಟು ಉಳಿಸುವ ಒಂದು ದಿನ ಹಾರ್ವೆಸ್ಟ್ ಫೆಸ್ಟಿವಲ್. ಹಳ್ಳಿಯ ಸಭೆಯವರು ತಾವೇ ಬೆಳೆದ ರಾಗಿ, ಕುಂಬಳ, ಕೋಳಿಗಳನ್ನು ದೇವರಿಗೆ ತರುತ್ತಾರೆ. ಬಿತ್ತದ, ಕೊಯ್ಯದ ನಾವು ಬೆಳಿಗ್ಗೆ ಬೇಗ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ, ಚೌಕಾಸಿ ಮಾಡಿ ಬಾಳೆಗೊನೆ ತಂದು ಪೀಠದ ಮುಂದೆ ಇಡುತ್ತೇವೆ. ಆರಾಧನೆ ಮುಗಿದು ಹರಾಜು ಶುರುವಾದಾಗ ಅದೇ ಗೊನೆಯನ್ನು ಹತ್ತು ಪಟ್ಟು ಬೆಲೆಗೆ ಕೂಗಿ ನಾವೇ ಮನೆಗೆ ಒಯ್ಯುತ್ತೇವೆ. ಮಾರ್ಕೆಟ್ಟಿನಲ್ಲಿ ಐದು ರೂಪಾಯಿಗೆ ಜಗಳವಾಡಿದವರು ಹರಾಜಿನಲ್ಲಿ ಕರ್ಣರಾಗುತ್ತಾರೆ. ನಗಬೇಡಿ, ಅನ್ನ ಸೂಪರ್‌ಮಾರ್ಕೆಟ್ಟಿನಲ್ಲಿ ಹುಟ್ಟುವುದಿಲ್ಲ ಎಂದು ನಗರದ ಮಕ್ಕಳಿಗೆ ಅರ್ಥವಾಗುವ ದಿನಗಳಲ್ಲಿ ಅದೂ ಒಂದು.

ಇನ್ನು ಬೀದಿಯ ಮಧ್ಯೆ ಹರಿಯುವ ಹೊಳೆ. ಹೊಸ ಯೆರೂಸಲೇಮಿನ ಹೊಳೆ ಸ್ಫಟಿಕದಂತೆ ತಿಳಿಯಾಗಿದೆಯಂತೆ. ನಮ್ಮ ಊರಿನ ಹೊಳೆಯೂ ರಸ್ತೆಯ ಪಕ್ಕದಲ್ಲೇ ಹರಿಯುತ್ತದೆ. ಮೈಸೂರು ರಸ್ತೆಯಲ್ಲಿ ಬಸ್ಸಿನವರೆಲ್ಲ ಒಟ್ಟಿಗೆ ಕಿಟಕಿ ಎಳೆದುಕೊಂಡರೆ ವೃಷಭಾವತಿ ಬಂತೆಂದು ತಿಳಿಯಬೇಕು. ಬಸವನಗುಡಿಯ ಕಡೆ ಹುಟ್ಟಿ, ಅರ್ಕಾವತಿಯ ಮೂಲಕ ಕಾವೇರಿ ಸೇರುವ ಈ ನೀರಿಗೆ ಮನೆಮನೆಯ ಕೊಳಚೆ ಬಿಟ್ಟವರು ನಾವೇ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಪರಲೋಕದಲ್ಲಿ ಜೀವಜಲ ಕುಡಿಯುವ ಆಸೆಯುಳ್ಳವರು ಇಲ್ಲಿ ಚರಂಡಿಯ ಬಗ್ಗೆ ವಾರ್ಡ್ ಸಭೆಯಲ್ಲಿ ಒಂದು ಮಾತು ಎತ್ತಿದರೆ ಭಕ್ತಿಗೆ ಕುಂದೇನೂ ಬರುವುದಿಲ್ಲ.

ಬಾಗಿಲುಗಳ ಮಾತೂ ಇದೆ. ಹಡ್ಸನ್ ಸರ್ಕಲ್ಲಿನ ಹತ್ತಿರದ ಪೊಲೀಸ್ ಠಾಣೆಗೆ ಇಂದಿಗೂ ಹಲಸೂರು ಗೇಟ್ ಎಂದೇ ಹೆಸರು. 1791ರಲ್ಲಿ ಇಂಗ್ಲಿಷರ ಸೈನ್ಯ ಪೇಟೆಗೆ ನುಗ್ಗಿದ್ದು ಆ ಬಾಗಿಲಿನಿಂದ. ಬಾಗಿಲು ಹೋಗಿ ಹೆಸರು ಉಳಿದಿದೆ. ಅದರ ಬದಲಿಗೆ ಈಗ ಪ್ರತಿ ಬಡಾವಣೆಗೂ ಒಂದು ಗೇಟು, ಗೇಟಿಗೊಬ್ಬ ಸೆಕ್ಯುರಿಟಿ, ಅವನ ಕೈಯಲ್ಲೊಂದು ರಿಜಿಸ್ಟರು. ಕಡೆಯ ಪಟ್ಟಣಕ್ಕೆ ಹನ್ನೆರಡು ಬಾಗಿಲು, ದಿಕ್ಕಿಗೆ ಮೂರು, ಒಂದನ್ನೂ ಮುಚ್ಚುವುದಿಲ್ಲ. ಅಲ್ಲಿ ರಾತ್ರಿಯೇ ಇಲ್ಲ.

ನಮ್ಮಜ್ಜಿ ಪಟ್ಟಣದ ಪರಲೋಕವನ್ನು ಕೊನೆಗೂ ಒಪ್ಪಿಕೊಂಡರು. ಜೀವವೃಕ್ಷ ಹೊಳೆಯ ಎರಡೂ ದಡದಲ್ಲಿದೆ ಎಂದು ಮೊಮ್ಮಗಳು ಓದಿ ಹೇಳಿದ ಮೇಲೆ, “ಹಾಗಾದರೆ ಸರಿ, ನೀರಿನ ಪಕ್ಕ ಇದ್ದರೆ ಒಣಗಲ್ಲ” ಎಂದರು.

ಇತ್ತೀಚೆಗೆ ಒಂದು ಚರ್ಚಿನ ಅಂಗಳದಲ್ಲಿ ಹಳೆಯ ಮಳೆಮರವೊಂದನ್ನು ಕಾರು ನಿಲ್ಲಿಸುವುದಕ್ಕಾಗಿ ಕಡಿದರು. ಊರಿನ ಹಳೆಯ ಚರ್ಚುಗಳ ಕಾಂಪೌಂಡಿನಲ್ಲಿ ದೊಡ್ಡ ಮರಗಳು ಇನ್ನೂ ಉಳಿದಿವೆ. ಕಮಿಟಿಯ ಹಿರಿಯರಲ್ಲಿ ನನ್ನ ಅರಿಕೆ ಇಷ್ಟೇ: ಕೊಡಲಿ ತರಿಸುವ ಮುಂಚೆ ಪ್ರಕಟನೆಯ 22ನೇ ಅಧ್ಯಾಯ ಒಮ್ಮೆ ಓದಿ. ಆ ಪಟ್ಟಣದ ವರ್ಣನೆಯಲ್ಲಿ ಮರಕ್ಕೆ ಜಾಗವಿದೆ, ಪಾರ್ಕಿಂಗಿನ ಮಾತು ಎಲ್ಲೂ ಇಲ್ಲ.