ಹಾಡು ಯಾರದು, ಹೆಸರು ಯಾರದು?

ನಮ್ಮ ಕಡೆ ಕೀಬೋರ್ಡ್ ಅಂದರೆ ಆರ್ಕೆಸ್ಟ್ರಾ. ಕೊಳ್ಳೇಗಾಲ, ಹನೂರು, ಯಳಂದೂರು ಸುತ್ತಮುತ್ತ ಗಣಪತಿ ಕೂರಿಸಿದಲ್ಲಿ, ಊರಹಬ್ಬದಲ್ಲಿ, ಆರತಕ್ಷತೆಯಲ್ಲಿ ಅದು ಇರಲೇಬೇಕು. ಕೊಳಲು, ತಮಟೆ, ವೀಣೆ ಎಲ್ಲದರ ಸದ್ದೂ ಒಂದೇ ಪೆಟ್ಟಿಗೆಯಿಂದ ಬರುತ್ತದೆ. ಹಾಗೆ ನುಡಿಸುವ ಹುಡುಗನೊಬ್ಬ ನನಗೆ ಪರಿಚಯ. ಹಗಲು ಮೊಬೈಲ್ ರಿಪೇರಿ, ರಾತ್ರಿ ಕೀಬೋರ್ಡ್. ಕೀತ್ ಎಮರ್ಸನ್ ಅನ್ನೋ ಹೆಸರನ್ನು ನನಗೆ ಹೇಳಿದವನು ಅವನೇ.

ಎಮರ್ಸನ್ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಜಾಝ್ ಎರಡನ್ನೂ ಮೈಗೂಡಿಸಿಕೊಂಡವನು. 1970ರಲ್ಲಿ ಗ್ರೆಗ್ ಲೇಕ್, ಕಾರ್ಲ್ ಪಾಮರ್ ಜೊತೆ ಸೇರಿ ತಂಡ ಕಟ್ಟಿದ. ಗಿಟಾರೇ ರಾಜನಾಗಿದ್ದ ರಾಕ್ ವೇದಿಕೆಯ ಮುಂದಕ್ಕೆ ಹ್ಯಾಮಂಡ್ ಆರ್ಗನ್ ತಂದ. ಕೋಣೆಯ ಕಪಾಟಿನಷ್ಟಿದ್ದ ಮೋಗ್ ಸಿಂಥಸೈಜರನ್ನು ಹೊತ್ತು ಊರೂರು ತಿರುಗಿದ ಮೊದಲಿಗರಲ್ಲಿ ಅವನೂ ಒಬ್ಬ. 1971ರ 'ಟಾರ್ಕಸ್' ಒಂದೇ ರಚನೆ 20 ನಿಮಿಷ ದಾಟುತ್ತದೆ. ಕೊನೆಗಾಲದಲ್ಲಿ ಬಲಗೈ ಬೆರಳುಗಳು ಮಾತು ಕೇಳದಾದವು. 2016ರಲ್ಲಿ ತೀರಿಕೊಂಡ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ತಂಡದ ಮೊದಲ ಆಲ್ಬಮ್ಮಿನಲ್ಲಿ ಹಂಗೇರಿಯ ಬಾರ್ತೋಕ್, ಚೆಕ್ ದೇಶದ ಯಾನಾಚೆಕ್ ಇವರ ರಚನೆಗಳಿಂದ ಎತ್ತಿಕೊಂಡ ಸಂಗೀತವಿತ್ತು. ಆದರೆ ಮೊದಲ ಮುದ್ರಣದಲ್ಲಿ ಆ ಇಬ್ಬರ ಹೆಸರೇ ಇರಲಿಲ್ಲ. ಮೂರು ವರ್ಷ ಕಳೆದ ಮೇಲೆ ಅರ್ಜೆಂಟೀನಾದ ಹಿನಸ್ತೇರಾ ಅವರ ಪಿಯಾನೊ ಕಾನ್ಸರ್ಟೊ ಒಂದರ ಭಾಗ ಬೇಕಾದಾಗ, ಎಮರ್ಸನ್ ಅವರಿದ್ದ ಜಿನೀವಾಕ್ಕೇ ಹೋಗಿ, ತಾನು ಮಾಡಿದ್ದನ್ನು ಕೇಳಿಸಿ ಒಪ್ಪಿಗೆ ಪಡೆದ. ಅದು 1973ರ ಆಲ್ಬಮ್ಮಿಗೆ ಬಂತು.

ನಮ್ಮ ನೆಲದ ಹಾಡುಗಳ ಮನೆಗೆ ಯಾರು ಹೋಗುತ್ತಾರೆ? ಮಾದಪ್ಪನ ಕಥೆಯನ್ನು ಕಂಸಾಳೆಯ ದೇವರಗುಡ್ಡರು, ಮಂಟೇಸ್ವಾಮಿ ಕಥೆಯನ್ನು ತಂಬೂರಿ, ಗಗ್ಗರ ಹಿಡಿದ ನೀಲಗಾರರು ರಾತ್ರಿಯಿಡೀ ಹಾಡುತ್ತಾರೆ. ಅದರ ಮುಂದೆ 20 ನಿಮಿಷ ಯಾವ ಲೆಕ್ಕ? 1996ರ 'ಜನುಮದ ಜೋಡಿ'ಯಿಂದ 'ಕೋಲುಮಂಡೆ' ನಾಡೆಲ್ಲ ಹರಡಿತು. 2020ರಲ್ಲಿ ಚಂದನ್ ಶೆಟ್ಟಿ ಅದನ್ನೇ ರ‍್ಯಾಪ್ ಮಾಡಿದಾಗ, ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಸಿಟ್ಟಾದರು. ಅವರು ಕ್ಷಮೆ ಕೇಳಿದರು, ವಿಡಿಯೊ ಹಿಂದಕ್ಕೆ ಹೋಯಿತು. ದೇವರ ಮರ್ಯಾದೆ ಬಗ್ಗೆ ಆಗ ಬೇಕಾದಷ್ಟು ಮಾತು ನಡೆಯಿತು. ಹಾಡುವವರ ಪಾಲಿನ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ.

ನಮ್ಮ ಹುಡುಗ ಚಿಕ್ಕಲ್ಲೂರು ಜಾತ್ರೆಯಲ್ಲಿ ನೀಲಗಾರ ತಾತನೊಬ್ಬನ ಹಾಡನ್ನು ಫೋನಿನಲ್ಲಿ ಹಿಡಿದಿದ್ದ. ಅದರ ಮೇಲೆ ಹದಿನೈದು ನಿಮಿಷದ ಕೀಬೋರ್ಡ್ ರಚನೆ ಮಾಡಿದ.

"ಅಣ್ಣ, ಜಾನಪದ ಅಂತ ಹಾಕ್ಬುಟ್ರೆ ಆಯ್ತದಲ್ವಾ?" ಅಂದ.

"ನಿನ್ನ ಎಮರ್ಸನ್ ಜಿನೀವಾಕ್ಕೆ ಹೋಗಿದ್ದ. ನಿಂಗೆ ಬಸ್ಸು ಹತ್ತಕ್ಕಾಗಲ್ವಾ?" ಅಂದೆ.

ಇಬ್ಬರೂ ಹೋದೆವು. ತಾತ ಇಯರ್‌ಫೋನು ಬೇಡ ಅಂದ. ಜಗುಲಿ ಮೇಲೆ ಫೋನಿಟ್ಟು ಪೂರ್ತಿ ಕೇಳಿದ.

"ಹಾಡು ನಂದಲ್ಲ ಕನ ಮಗ, ಧರೆಗೆ ದೊಡ್ಡೋರ್ದು. ಆದ್ರ ಈ ವರಸೆ ನಮ್ಮಪ್ಪಂದು. ಅವ್ನ ಹೆಸ್ರು ಹಾಕು."

ಸ್ವಲ್ಪ ಹೊತ್ತು ಬಿಟ್ಟು, "ದುಡ್ಡು ಬಂದ್ರ?" ಅಂತಲೂ ಕೇಳಿದ. ಅರ್ಧ ನಿಮಗೆ ತಾತ, ಅಂದ ಹುಡುಗ.

'ಜಾನಪದ' ಅನ್ನೋ ಪದದ ಬಗ್ಗೆ ನನಗೆ ಅನುಮಾನ ಶುರುವಾಗಿದ್ದು ಅಲ್ಲಿ. ಎಲ್ಲರದೂ ಅಂದಕೂಡಲೇ ಯಾರಿಗೂ ಏನೂ ಕೊಡಬೇಕಿಲ್ಲ. ಸ್ಟ್ರಿಂಗರ್ ಆದ ನನಗೆ ಇದು ಅರ್ಥವಾಗದ ಸಂಗತಿಯಲ್ಲ. ಹನೂರಿನ ಕಾಡಂಚಿನವರೆಗೂ ಬೈಕಿನಲ್ಲಿ ಹೋಗಿ ತಂದ ಸುದ್ದಿ 'ನಮ್ಮ ಪ್ರತಿನಿಧಿಯಿಂದ' ಎಂದು ಅಚ್ಚಾಗುತ್ತದೆ. ಪ್ರತಿನಿಧಿಗೂ ಒಂದು ಹೆಸರಿದೆ, ಅವನ ಮನೆಯಲ್ಲೂ ಒಲೆ ಉರಿಯಬೇಕು.

ಆ ರಚನೆ ಇನ್ನೂ ಹೊರಗೆ ಬಂದಿಲ್ಲ. ಆರ್ಕೆಸ್ಟ್ರಾದವರಿಗೆ ಕುಣಿಯುವ ಹಾಡೇ ಬೇಕು, ಹದಿನೈದು ನಿಮಿಷ ಯಾರು ಕೇಳುತ್ತಾರೆ ಅನ್ನುತ್ತಾರೆ. ಅವರು ಹೇಳೋದೂ ನಿಜ ಇರಬಹುದು. ಆದರೆ ಹುಡುಗನ ಫೋನಿನಲ್ಲಿ ಆ ಫೈಲಿಗೆ ಈಗ ತಾತನ ಅಪ್ಪನ ಹೆಸರಿದೆ. ಆ ಹೆಸರು ಅಕ್ಷರದಲ್ಲಿ ಬರೆದಿದ್ದು ರೇಷನ್ ಕಾರ್ಡ್ ಬಿಟ್ಟರೆ ಇದೇ ಮೊದಲಂತೆ.