ಡಬ್ಬಿ ನಮ್ಮದು, ಕೀಲಿಕೈ ಅವರದು

ಶಹಾಬಾದ್ ಕಲ್ಲಿನ ನೆಲದ ಮೇಲೆ ಅಂಬೆಗಾಲಿಟ್ಟು ಬೆಳೆದವರಿಗೆ ಒಂದು ದುರಭ್ಯಾಸವಿದೆ. ರೊಕ್ಕ ಕೊಟ್ಟು ಕೊಂಡದ್ದು ನಮ್ಮದೇ ಎಂದು ನಂಬಿಬಿಡುತ್ತೇವೆ. ಖಣಿಯವನ ಲೆಕ್ಕ ಚುಕ್ತಾ ಮಾಡಿ, ಲಾರಿಯವನಿಗೆ ಬಾಡಿಗೆ ಕೊಟ್ಟು, ಗೌಂಡಿಯ ಕೈಗೆ ಕೂಲಿ ಇಟ್ಟರೆ ಮುಗಿಯಿತು, ಫರ್ಸಿ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ. ಐದು ವರ್ಷ ಬಿಟ್ಟು ಖಣಿಯವನು ಬಂದು, ‘ನಮಗೂ ನಿಮ್ಮ ಗೌಂಡಿಗೂ ಕರಾರು ಮುರಿದಿದೆ, ನಾಳೆಯಿಂದ ಅಡುಗೆಮನೆಯಲ್ಲಿ ಕಾಲಿಡಬೇಡಿ’ ಎಂದರೆ ಶಹಾಬಾದಿನಲ್ಲಿ ಅವನ ಗತಿ ಏನಾದೀತೆಂದು ಹೇಳಬೇಕಾಗಿಲ್ಲ. ಟಿ.ವಿ.ಯ ಲೋಕದಲ್ಲಿ ಮಾತ್ರ ಇದು ಸಭ್ಯ ವ್ಯವಹಾರ.

ವಾಡಿಯಲ್ಲಿರುವ ನಮ್ಮ ಸೋದರತ್ತೆ ಕಂತಿನ ಮೇಲೆ ಒಂದು ಸ್ಮಾರ್ಟ್ ಟಿ.ವಿ. ತಂದರು. ರಿಮೋಟಿನಲ್ಲಿ ಒಂದು ಆ್ಯಪ್‌ಗೆಂದೇ ಬೇರೆ ಗುಂಡಿ. ಒತ್ತಿದರೆ ಸಾಕು, ಧಾರಾವಾಹಿ ಹಾಜರ್. ಕಂತು ತೀರಿದ ಸ್ವಲ್ಪ ದಿನಕ್ಕೆ ಅದೇ ಗುಂಡಿ ಒತ್ತಿದರೆ ಕರಿ ಪರದೆಯ ಮೇಲೆ ಇಂಗ್ಲಿಷಿನ ಒಂದೇ ಸಾಲು: ಈ ಸಾಧನದಲ್ಲಿ ನಮ್ಮ ಸೇವೆ ಇನ್ನು ಸಿಗುವುದಿಲ್ಲ. ನಾನು ಆ್ಯಪ್‌ನವರಿಗೆ ಫೋನ್ ಹಚ್ಚಿದೆ. ‘ಟಿ.ವಿ. ಕಂಪನಿಯವರು ಸಾಫ್ಟ್‌ವೇರ್ ಬದಲಿಸಬೇಕು ಸರ್, ಅವರನ್ನು ಕೇಳಿ’ ಎಂದರು. ಟಿ.ವಿ. ಕಂಪನಿಯವರು ‘ಆ್ಯಪ್ ಅವರದಲ್ಲವೇ ಸರ್, ಅವರನ್ನೇ ಕೇಳಿ’ ಎಂದರು. ಇಬ್ಬರೂ ಕರೆ ಮಾಡಿದ್ದಕ್ಕೆ ಧನ್ಯವಾದ ಹೇಳಿದರು. ವರ್ಷದ ಚಂದಾ ಮಾತ್ರ ಮುಂಗಡವಾಗಿ ಸಂದಾಯವಾಗಿತ್ತು.

ಅತ್ತೆ ಚಹಾದ ಕಪ್ಪು ಕೆಳಗಿಟ್ಟು ಕೇಳಿದರು: “ಗುಂಡಿ ಅದ, ಒತ್ತೋ ಬೆರಳೂ ಅದ, ರೊಕ್ಕನೂ ಕೊಟ್ಟೀನಿ. ಮತ್ಯಾಕ ಬರವಲ್ದೋ ತಮ್ಮಾ?” ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಕಾಲ್ ಸೆಂಟರ್ ಇನ್ನೂ ಹುಟ್ಟಿಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರೆ. ಇಲ್ಲಿ ಇನ್ನೊಂದು ಚೋದ್ಯವೆಂದರೆ, ಸಂಸಾರದ ಖರ್ಚು ನಡೆಸುತ್ತಿರುವುದೂ ಕೂಸೇ. ಜಗತ್ತಿನ ಅತಿ ಸಿರಿವಂತ ಸಂಸಾರಗಳೂ ಹೀಗೇ. 2015ರಲ್ಲಿ ಅಮೆಜಾನ್ ತನ್ನ ಅಂಗಡಿಯಲ್ಲಿ ಗೂಗಲ್‌ನ ಟಿ.ವಿ. ಸಾಧನ ಕ್ರೋಮ್‌ಕಾಸ್ಟ್ ಮಾರುವುದನ್ನು ನಿಲ್ಲಿಸಿತು. 2017ರ ಕೊನೆಗೆ ಗೂಗಲ್, ಅಮೆಜಾನಿನ ಫೈರ್ ಟಿ.ವಿ.ಯಿಂದ ಯೂಟ್ಯೂಬನ್ನು ಹಿಂತೆಗೆಯುವುದಾಗಿ ಸಾರಿತು. ರಾಜಿಯಾಗಿ ಯೂಟ್ಯೂಬ್ ಆ್ಯಪ್ ಮರಳಿದ್ದು 2019ರ ಜುಲೈನಲ್ಲಿ. ಅಲ್ಲಿಯವರೆಗೆ ಗಿರಾಕಿಗಳು ಬ್ರೌಸರ್ ಎಂಬ ಹಿತ್ತಲ ಬಾಗಿಲಿನಿಂದ ಹೊಕ್ಕು ಹಾಡು ಕೇಳಿದರು.

ಸ್ಮಾರ್ಟ್ ಟಿ.ವಿ. ಇಲ್ಲದವರು ಪಾರಾದರೇ? ಅದೂ ಇಲ್ಲ. 2023ರ ಫೆಬ್ರುವರಿ 18, ಮಹಾಶಿವರಾತ್ರಿ. ಹೊಸ ದರಪಟ್ಟಿಯ ಕರಾರಿಗೆ ಸಹಿ ಹಾಕಲಿಲ್ಲವೆಂದು ಸ್ಟಾರ್, ಜೀ, ಸೋನಿ ಮೂರೂ ದೇಶದ ಹಲವು ದೊಡ್ಡ ಕೇಬಲ್ ಸಂಸ್ಥೆಗಳಿಗೆ ಸಿಗ್ನಲ್ ಕಡಿದವು. ಸುಮಾರು 4.5 ಕೋಟಿ ಮನೆಗಳಿಗೆ ಪೆಟ್ಟು ಬಿದ್ದಿದೆ ಎಂದು ಕೇಬಲ್‌ನವರ ಒಕ್ಕೂಟ ಹೇಳಿತು. ದರ ಏರಿದರೆ ಗಿರಾಕಿಗೆ ಹೊರೆ ಎಂದು ಕೇಬಲ್‌ನವರು, ನಿಯಮ ಪಾಲಿಸುತ್ತಿದ್ದೇವೆ ಎಂದು ಚಾನೆಲ್‌ನವರು. ಇಬ್ಬರ ಬಾಯಲ್ಲೂ ಗಿರಾಕಿಯ ಹಿತವೇ. ಗಿರಾಕಿಯ ಮನೆಯಲ್ಲಿ ಮಾತ್ರ ಜಾಗರಣೆಗೆ ಟಿ.ವಿ. ಇಲ್ಲ. ಪಕ್ಕದ ಮನೆಯ ಡಿಶ್‌ನಲ್ಲಿ ಅದೇ ಚಾನೆಲ್ ಜೋರಾಗಿ ನಡೆಯುತ್ತಿದ್ದರೆ ಹೊಟ್ಟೆಯುರಿ ಬೇರೆ. ಬೈಗುಳ ತಿಂದವನು ಮುಂಬಯಿಯ ಸಾಹೇಬನಲ್ಲ. ತಿಂಗಳ ದುಡ್ಡಿಗೆ ಮನೆ ಬಾಗಿಲಿಗೆ ಬರುವ ಹುಡುಗ. ವಾರದ ಹೊತ್ತಿಗೆ ಸಹಿಗಳು ಬಿದ್ದವು, ಚಿತ್ರ ಮರಳಿತು.

ನಮ್ಮ ಗುಲ್ಬರ್ಗಾ ಜಿಲ್ಲೆಗೆ ಈ ಅನುಭವ ಹೊಸದಲ್ಲ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಗುಲ್ಬರ್ಗಾ, ರಾಯಚೂರು, ವಿಜಾಪುರದ ಹಳ್ಳಿಗಳು ಅದಕ್ಕೆ ಆರು ವರ್ಷ ಮೊದಲೇ ಟಿ.ವಿ. ಕಂಡಿದ್ದವು. 1975ರ ಆಗಸ್ಟ್ 1ರಂದು ಶುರುವಾದ ‘ಸೈಟ್’ ಎಂಬ ಉಪಗ್ರಹ ಟಿ.ವಿ. ಪ್ರಯೋಗಕ್ಕೆ ಆರು ರಾಜ್ಯಗಳ 2,400 ಹಳ್ಳಿಗಳನ್ನು ಆರಿಸಿದ್ದರು. ಕೋಳಿಗೂಡಿಗೆ ಹಾಕುವಂಥ ತಂತಿ ಜಾಳಿಗೆಯ ಹತ್ತಡಿ ಅಗಲದ ಡಿಶ್, ಅದರ ಬುಡಕ್ಕೊಂದು ಟಿ.ವಿ., ಸಂಜೆಯಾದರೆ ಎದುರಿಗೆ ಊರಿಗೆ ಊರೇ. ಬೇಸಾಯ, ಆರೋಗ್ಯ, ಹಾಡು ಎಲ್ಲ ಕನ್ನಡದಲ್ಲಿ. ಟಿ.ವಿ. ನಮ್ಮದು, ಕಾರ್ಯಕ್ರಮ ನಮ್ಮದು, ಮೇಲಿನ ಎಟಿಎಸ್-6 ಉಪಗ್ರಹ ಮಾತ್ರ ಅಮೆರಿಕದ ನಾಸಾದ್ದು, ಒಂದು ವರ್ಷದ ಕಡ. 1976ರ ಜುಲೈ 31ಕ್ಕೆ ಗಡುವು ಮುಗಿಯಿತು, ನಾಸಾ ತನ್ನ ಉಪಗ್ರಹವನ್ನು ಸರಿಸಿಕೊಂಡಿತು. ಹಳ್ಳಿಯಲ್ಲಿ ಜಾಳಿಗೆ ಉಳಿಯಿತು. ಆದರೆ ಅವರು ಒಂದು ಮಾತು ನಡೆಸಿದರು: ಎಷ್ಟು ದಿನವೆಂದು ಮೊದಲೇ ಹೇಳಿದ್ದರು. 1977ರಲ್ಲಿ ಸರ್ಕಾರ ಗುಲ್ಬರ್ಗಾಕ್ಕೆ ನೆಲದ ಮೇಲಿನ ಪ್ರಸಾರ ಕೇಂದ್ರವನ್ನೇ ಕೊಟ್ಟಿತು.

ಇನ್ನೂ ಹಿಂದೆ ಹೋದರೆ ವಾಡಿ ಜಂಕ್ಷನ್ನೇ ಇದೆ. ಮುಂಬಯಿಯಿಂದ ಬಂದ ಜಿ.ಐ.ಪಿ. ರೈಲ್ವೆ ಇಂಗ್ಲಿಷ್ ಕಂಪನಿಯದು. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ಹೋಗುವ ದಾರಿ ನಿಜಾಮನ ರೊಕ್ಕದ್ದು, 1874ರದು. ಮಾಲೀಕರು ಬೇರೆ, ಮುಲಾಜು ಬೇರೆ. ಆದರೂ ಹಳಿಗಳ ಅಗಲ ಒಂದೇ ಇಟ್ಟರು. ಹಾಗಾಗಿ ಇಂದಿಗೂ ಗಾಡಿ ವಾಡಿಯಲ್ಲಿ ತಿರುಗಿ ಸೇಡಮ್ಮಿನ ಕಡೆ ಸಾಗುತ್ತದೆ. ಒಂದೂವರೆ ಶತಮಾನದ ಹಿಂದೆ ನಿಜಾಮನಿಗೂ ಕಂಪನಿಗೂ ಸಾಧ್ಯವಾದ ಹೊಂದಾಣಿಕೆ ಇಂದಿನ ಆ್ಯಪ್‌ಗೂ ಟಿ.ವಿ.ಗೂ ಅಸಾಧ್ಯವೆಂದರೆ ನಂಬಲಾರೆ. ಮನಸ್ಸಿಲ್ಲ, ಅಷ್ಟೇ.

ಮೊನ್ನೆ ಸೇಡಮ್ಮಿನ ಅಂಗಡಿಯೊಂದರಲ್ಲಿ ಈ ಆ್ಯಪ್‌ಗಳು ಎಷ್ಟು ವರ್ಷ ಬಾಳುತ್ತವೆ ಎಂದು ಕೇಳಿದೆ. “ಪರದಾಕ್ಕ ಗ್ಯಾರಂಟಿ ಅದ್ರಿ. ಒಳಗಿಂದು ದೇವರಿಗೇ ಗೊತ್ತು” ಎಂದರು ಸಾವಕಾರರು. ಪ್ರಾಮಾಣಿಕರು. ಕೇಬಲ್ ಸಿಗ್ನಲ್ ಕಡಿಯಲು ಕನಿಷ್ಠ ಮೂರು ವಾರದ ನೋಟಿಸು ಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮವಾದರೂ ಇದೆ. ಆ್ಯಪ್ ಮಾಯವಾಗುವುದಕ್ಕೆ ಅದೂ ಇಲ್ಲ. ಡಬ್ಬಿಯ ಮೇಲೆ ಬೆಲೆ ಅಚ್ಚು ಹಾಕುವವರು ಒಳಗಿನ ಸೇವೆ ಎಂದಿನವರೆಗೆ ಎಂಬುದನ್ನೂ ಅಚ್ಚು ಹಾಕಲಿ. ಅಲ್ಲಿಯವರೆಗೆ ನೀವು ಚಂದಾ ವರ್ಷಕ್ಕೆ ಕಟ್ಟಬೇಡಿ, ತಿಂಗಳಿಗೆ ಕಟ್ಟಿ. ರಸೀದಿ ಜೋಪಾನವಾಗಿಡಿ. ಗುಂಡಿ ಕೈಕೊಟ್ಟ ದಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ದೂರು ಬರೆಸಿ.